ಹಿಂದಿನ ಚಕ್ರ ಮೂರು ವಾರದಲ್ಲಿ ನಾಲ್ಕು ಸಲ ಪಂಚರ್. ಹಳೇ ಎಂಟಿಬಿ (ಮೌಂಟನ್ ಬೈಕ್), ಏನ್ಮಾಡ್ಲಿ?

ಗ್ಯಾರೇಜ್_ಗುಬ್ಬಿ, ಮೈಸೂರು:
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ.

2011ರಲ್ಲಿ ತಗೊಂಡ 26 ಇಂಚಿನ ಎಂಟಿಬಿ ನಂದು. 21 ಗೇರು, ವಿ-ಬ್ರೇಕು, ಮುಂದೆ ಸಸ್ಪೆನ್ಷನ್ ಫೋರ್ಕು. ಅದು ಈಗ ಶೋಕಿಗೆ ಮಾತ್ರ, ಒತ್ತಿದ್ರೆ ಕುಯ್ ಅಂತ ಅಳುತ್ತೆ. ಮಗಳು ಹುಟ್ಟಿದ ಮೇಲೆ ಆರು ವರ್ಷ ಮೆಟ್ಟಿಲ ಕೆಳಗೆ ಬಿದ್ದಿತ್ತು, ಅದರ ಮೇಲೆ ಹಳೇ ಪೇಪರು, ಗಣೇಶನ ಮಂಟಪ ಎಲ್ಲ ಪೇರಿಸಿದ್ವಿ. ಹೋದ ತಿಂಗಳು ಡಾಕ್ಟ್ರು ನನ್ನ ಶುಗರ್ ರಿಪೋರ್ಟ್ ನೋಡಿ ಹುಬ್ಬು ಎತ್ತಿದ್ರು. ಅವತ್ತೇ ಸೈಕಲ್ ಈಚೆ ಎಳೆದೆ. ಮನೆ ಹತ್ರದ ಅಂಗಡೀಲಿ ಸರ್ವಿಸ್ ಮಾಡಿಸಿದೆ. ದಿನಾ ಬೆಳಿಗ್ಗೆ ಲಲಿತಾದ್ರಿಪುರದ ಕಡೆ ಒಂದು ಸುತ್ತು.

ಅಲ್ಲಿಂದ ಶುರುವಾಯ್ತು ಶನಿಕಾಟ. ಹಿಂದಿನ ಚಕ್ರ ಮೂರು ವಾರದಲ್ಲಿ ನಾಲ್ಕು ಸಲ ಪಂಚರ್. ಮುಂದಿನ ಚಕ್ರಕ್ಕೆ ಒಂದೂ ಇಲ್ಲ. ಪ್ರತಿ ಸಲ ಅಂಗಡಿಯವನು "ಮುಳ್ಳು ಸಾರ್" ಅಂತಾನೆ, ಪ್ಯಾಚ್ ಹಾಕ್ತಾನೆ, ನಲವತ್ತು ರೂಪಾಯಿ ತಗೋತಾನೆ. ಆ ಮುಳ್ಳನ್ನ ಒಂದು ಸಲವೂ ನಂಗೆ ತೋರಿಸಿಲ್ಲ. ನಿನ್ನೆ ನಾಲ್ಕು ಕಿಲೋಮೀಟರ್ ತಳ್ಕೊಂಡು ಬಂದೆ, ದಾರೀಲಿ ಹಾಲಿನವನು ನಿಲ್ಲಿಸಿ ನಕ್ಕು ಹೋದ. ಈಗ ಟೈರ್ ಬದಲಾಯಿಸು ಅಂತಿದಾನೆ. ಟೈರಿನ ನೆಲಕ್ಕೆ ತಾಗೋ ಮೈ ಚೆನ್ನಾಗೇ ಇದೆ, ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಇದೆ ಅಷ್ಟೆ. ಟ್ಯೂಬ್ ಬದಲಾಯಿಸಲಾ, ಟೈರಾ, ಟ್ಯೂಬ್‌ಲೆಸ್ ಮಾಡಿಸಲಾ? ಇಲ್ಲ ಗುಜರಿಗೆ ಹಾಕಲಾ?

ಸುಮ್ನೆ_ಬಂದೆ:
ಗುಜರಿ. ಕೆಜಿ ಲೆಕ್ಕದಲ್ಲಿ ತಗೋತಾರೆ. ಗಣೇಶನ ಮಂಟಪ ಮಾತ್ರ ಇಟ್ಕೊಳ್ಳಿ.

ರಿಂಗ್‌ರೋಡ್_ರಾಕ್ಷಸ, ಬೆಂಗಳೂರು:
ಟ್ಯೂಬ್‌ಲೆಸ್ ಮಾಡಿಸಿ ಗುರೂ, ಆಮೇಲೆ ಮರೆತುಬಿಡಿ. ನಾನು ಎರಡು ವರ್ಷದಿಂದ ಸೀಲಂಟ್ (ತೂತು ಮುಚ್ಚೋ ದ್ರವ) ಹಾಕಿ ಓಡಿಸ್ತಿದೀನಿ, ಅವಲಹಳ್ಳಿ ಕಾಡಲ್ಲಿ ಎಷ್ಟು ಮುಳ್ಳು ಚುಚ್ಚಿದ್ರೂ ಸೊಯ್ ಅಂದು ಅಲ್ಲೇ ಮುಚ್ಕೊಳ್ಳುತ್ತೆ.

ಪೇಡಾಪ್ರಿಯ, ಧಾರವಾಡ:
ಮುಳ್ಳ ಇರಬೇಕ್ರಿ. ನಮ್ಮ ಕಡೆ ನೆಗ್ಗಿನಮುಳ್ಳ ಅಂತ ಒಂದ ಐತಿ. ನೆಲಕ್ಕ ಹಬ್ಬಿರ್ತದ, ಹಳದಿ ಹೂವ ಬಿಡ್ತದ, ನೋಡಾಕ ಭಾಳ ಸಾಧು. ಕಾಯಿ ಒಣಗಿ ಉದುರಿತಂದ್ರ ಹೆಂಗ ಬಿದ್ರೂ ಒಂದ ಮುಳ್ಳ ಮ್ಯಾಲ ನೋಡ್ತಿರ್ತದ. ಒಮ್ಮೆ ಕೆಲಗೇರಿ ಕಡೆ ಹೊಲದ ದಾರಿ ಹಿಡದು ಹೋದೆ, ಒಂದ ಟೈರಿನ್ಯಾಗ ಹನ್ನೊಂದ ಎಣಿಸೀನಿ. ಬರಿಗಾಲಾಗ ಆಡಿ ಬೆಳದವ್ರಿಗೆ ಇದರ ರುಚಿ ಗೊತ್ತದ.

ಆಲೂಗಡ್ಡೆ_ನಾಡಿನಿಂದ:
ಅಯ್ಯೋ ಪೇಡಾಪ್ರಿಯ, ಅದೇ ಮುಳ್ಳು ಇಲ್ಲೂ ಇದೆ! ನಾನು ಇರೋದು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಇಲ್ಲಿ ಅದನ್ನ ಗೋಟ್‌ಹೆಡ್ ಅಂತಾರೆ, ಆಡಿನ ತಲೆ. ನೋಡಿದ್ರೆ ಥೇಟ್ ಎರಡು ಕೊಂಬು. ಹಳೇ ಲೋಕದಿಂದ, ಅಂದ್ರೆ ಏಷ್ಯಾ, ಯುರೋಪ್, ಆಫ್ರಿಕಾ ಕಡೆಯಿಂದ ಬಂದ ಕಳೆ, ಈಗ ಇಲ್ಲಿನ ಸೈಕಲ್‌ನವರ ಮೊದಲ ಶತ್ರು. ಅದರ ಹೆಸರಲ್ಲೇ ಗೋಟ್‌ಹೆಡ್ ಫೆಸ್ಟ್ ಅಂತ ಸೈಕಲ್ ಹಬ್ಬ ಮಾಡ್ತಾರೆ, ಹಬ್ಬಕ್ಕೆ ಮುಂಚೆ ಊರ ಜನ ಸೇರಿ ಗಿಡ ಕಿತ್ತು ಚೀಲಗಟ್ಟಲೆ ತಂದು ಹಾಕ್ತಾರೆ. ಮೊದಲ ವರ್ಷ ನಮ್ಮ ಅಪ್ಪ ಬಂದಿದ್ರು. ಪಾರ್ಕಿಂಗ್ ಲಾಟಲ್ಲಿ ಬಗ್ಗಿ ನೋಡಿ, "ಇದು ನಮ್ಮ ನೆಗ್ಗಿಲು ಕಣೋ, ಗೋಕ್ಷುರ! ಔಷಧಿ ಅಂಗಡೀಲಿ ದುಡ್ಡು ಕೊಟ್ಟು ತಗೋತೀವಿ" ಅಂದ್ರು. ಇಲ್ಲಿ ಕಿತ್ತು ಎಸೀತಾರೆ, ಅಲ್ಲಿ ಕಷಾಯ ಕುಡೀತೀವಿ.

ಪೇಡಾಪ್ರಿಯ, ಧಾರವಾಡ:
ಹೌದಲ್ರಿ, ಆಯುರ್ವೇದದ ಹತ್ತ ಬೇರಿನ ದಶಮೂಲದಾಗ ಅದೂ ಒಂದ. ಟ್ಯೂಬಿಗೆ ರೋಗ, ಮನಷ್ಯಾಗ ಮದ್ದು.

ಗೋಳಗುಮ್ಮಟ_ಎಕ್ಸ್‌ಪ್ರೆಸ್, ವಿಜಯಪುರ:
ಎಲ್ಲಾರೂ ಮುಳ್ಳಿನ ಪುರಾಣ ಹೇಳಾಕತ್ತೀರಿ, ಅವರನ್ನ ಕೇಳಬೇಕಾದ್ದು ಯಾರೂ ಕೇಳಿಲ್ಲ. ತೂತ ಎಲ್ಲಿ ಐತಿ? ಟ್ಯೂಬಿನ ಹೊರಗಿನ ಮೈಗೋ, ರಿಮ್ ಕಡೆ ಮೈಗೋ?

ರಸ್ತೆಗೆ ತಾಗೋ ಕಡೆ ಇದ್ರ ಮುಳ್ಳು, ಮೊಳೆ, ಗಾಜು. ಎರಡು ತೂತ ಅಕ್ಕಪಕ್ಕ, ಹಾವ ಕಡದಂಗ ಇದ್ರ ಗಾಳಿ ಕಡಿಮಿ: ಕಲ್ಲಿಗೆ ಬಡದಾಗ ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವ ಸಿಕ್ಕೊಂಡು ಹರೀತದ. ರಿಮ್ ಕಡೆ ಮೈಗೆ ಇದ್ರ ತಪ್ಪು ನಿಮ್ಮ ಚಕ್ರದಾಗನ ಐತಿ, ರಸ್ತೆದಾಗ ಅಲ್ಲ. ವಾಲಿನ ಬುಡದಾಗ ಹರದಿದ್ರ ಟ್ಯೂಬ್ ಒಗೀರಿ, ಅಲ್ಲಿ ಪ್ಯಾಚ್ ಕೂಡಂಗಿಲ್ಲ. ಮೊದಲ ಇದನ್ನ ನೋಡ್ರಿ, ಆಮ್ಯಾಲ ದುಡ್ಡು ಬಿಚ್ಚರಿ. ನಾನು ಶಾಲಿದಾಗ ಇದ್ದಾಗ ಜಿಲ್ಲಾ ಮಟ್ಟಕ್ಕ ಸೈಕಲ್ ಹೊಡದಾಕಿ, ನಮ್ಮ ಕೋಚ್ ಮೊದಲ ದಿನ ಹೇಳಿಕೊಟ್ಟಿದ್ದ ಪೆಡಲ್ ತುಳಿಯೂದಲ್ಲ, ತೂತ ಓದೂದು.

ಗ್ಯಾರೇಜ್_ಗುಬ್ಬಿ, ಮೈಸೂರು:
ಮೇಡಂ, ನಾನು ನೋಡೇ ಇಲ್ಲ. ಅಂಗಡಿಯವನು ಬಿಚ್ಚೋವಾಗ ನಾನು ಪಕ್ಕದಲ್ಲಿ ಟೀ ಕುಡೀತಿರ್ತೀನಿ.

ಗಾಳಿ ಎಷ್ಟು ಅಂದ್ರೆ, ಹೆಬ್ಬೆರಳಲ್ಲಿ ಒತ್ತಿ ನೋಡ್ತೀನಿ, ಗಟ್ಟಿ ಇದ್ರೆ ಹೊರಡ್ತೀನಿ.

ಕಡಲಕರೆ, ಮಂಗಳೂರು:
ಹೆಬ್ಬೆರಳಲ್ಲಿ ಹಲಸಿನ ಹಣ್ಣು ನೋಡಬಹುದು ಮಾರಾಯ್ರೆ, ಟೈರ್ ನೋಡ್ಲಿಕ್ಕೆ ಆಗುದಿಲ್ಲ. ಒತ್ತಡ ತೋರಿಸುವ ಗೇಜ್ ಇರುವ, ನೆಲದಲ್ಲಿ ನಿಲ್ಲಿಸಿ ಹೊಡೆಯುವ ಪಂಪ್ ಒಂದು ತಗೊಳ್ಳಿ. ಎಲ್ಲಕ್ಕಿಂತ ಮೊದಲು ಅದು.

ಸುಮ್ನೆ_ಬಂದೆ:
ಪೆಟ್ರೋಲ್ ಬಂಕಲ್ಲಿ ಫ್ರೀ ಗಾಳಿ ಇರೋವಾಗ ಪಂಪ್ ಯಾಕೆ ಸ್ವಾಮಿ? ಎಂಟಿಬಿಗೆ ಕಾರಿನ ವಾಲೇ ಅಲ್ವಾ ಇರೋದು.

ರಿಂಗ್‌ರೋಡ್_ರಾಕ್ಷಸ, ಬೆಂಗಳೂರು:
ಬಂಕಲ್ಲಿ ಹಾಕಿಸ್ಬೇಡಿ. ನಾನು ಕಾಲೇಜಲ್ಲಿದ್ದಾಗ ಹಾಕಿಸಿದೆ, ಹುಡುಗ ಇನ್ನೊಂದು ಕಡೆ ನೋಡ್ತಿದ್ದ, ಢಂ. ಪಕ್ಕದಲ್ಲಿ ಸ್ಕೂಟರ್ ಮೇಲಿದ್ದ ಅಜ್ಜಿ "ರಾಮ ರಾಮ" ಅಂತ ಕೂತುಬಿಟ್ರು.

ತಿಪಟೂರ್_ಕೊಬ್ಬರಿ:
ಬಂಕಿನ ತಪ್ಪಲ್ಲ ಅದು, ಅಳತೆ ತಪ್ಪು. ಕಾರಿನ ಟೈರಿನ ಹೊಟ್ಟೆ ದೊಡ್ಡದು, ನಿಧಾನ ತುಂಬುತ್ತೆ. ಸೈಕಲ್ ಟ್ಯೂಬಿಗೆ ಅದೇ ಗಾಳಿ ಎರಡೇ ಕ್ಷಣದಲ್ಲಿ ತುಂಬಿ ಉಕ್ಕುತ್ತೆ. ಹಾಕಿಸಲೇಬೇಕು ಅಂದ್ರೆ ಚಿಟಿಕೆ ಚಿಟಿಕೆ ಬಿಡಿಸಿ, ನಡುನಡುವೆ ಗೇಜ್ ನೋಡಿ. ಟೈರ್ ಬದಿಯಲ್ಲಿ ಗಾಳಿ ಒತ್ತಡ ಎಷ್ಟು ಪಿಎಸ್‌ಐ ಅಂತ ಅಚ್ಚು ಹಾಕಿರ್ತಾರೆ, ಅದನ್ನ ದಾಟಬಾರದು. 26×1.95 ಟೈರು, ಡಾಂಬರು ಜಾಸ್ತಿ ಮಣ್ಣು ಕಡಿಮೆ ಅಂದ್ರೆ ನಾನು 45ರ ಆಸುಪಾಸು ಇಡ್ತೀನಿ. ತೂಕ ಇದ್ದೋರು ಹಿಂದಕ್ಕೆ ಇನ್ನೊಂದೈದು ಸೇರಿಸಿ. ಬರೀ ಮಣ್ಣಲ್ಲಾದ್ರೆ ಇಳಿಸಿ.

ಗುಬ್ಬಿ ಅವ್ರೆ, ನಮ್ಮಪ್ಪ ತಿಪಟೂರಲ್ಲಿ ಸೈಕಲ್ ಶಾಪ್ ಇಟ್ಟಿದ್ರು. ಗಂಟೆ ಬಾಡಿಗೆ ಸೈಕಲ್ಲು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಹೆಸರು, ಹೊರಟ ಟೈಮು. ಶಾಲೆಯಿಂದ ಬಂದು ನಾನು ಹಾಕಿದ ಪಂಚರ್ ಎಷ್ಟೋ ಲೆಕ್ಕ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಅಂಗಡಿಗೆ ಹೋಗಬೇಡಿ, ಮನೇಲೇ ಬಿಚ್ಚಿ. ಬಿಚ್ಚೋ ಮುಂಚೆ ವಾಲ್ ಪಕ್ಕ ಟೈರಿನ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೀರಿ. ಟ್ಯೂಬಿನ ಬಲಗಡೆ ಮೈಗೆ ಬಾಲ್ ಪೆನ್ನಲ್ಲಿ "ಬ" ಅಂತ ಬರೀರಿ. ತೂತು ಸಿಕ್ಕ ಮೇಲೆ ಟ್ಯೂಬನ್ನ ಟೈರಿನ ಮೇಲೆ ಹಾಗೇ ಇಟ್ಟು ನೋಡಿದ್ರೆ ಚುಚ್ಚಿದ್ದು ಯಾವ ಜಾಗದಲ್ಲಿ ಅಂತ ಕರಾರುವಾಕ್ಕಾಗಿ ಗೊತ್ತಾಗುತ್ತೆ. ಅಪ್ಪ ಇದಕ್ಕೆ "ಜಾತಕ ಕೂಡಿಸೋದು" ಅಂತಿದ್ರು. ತೊಂಬತ್ತು ಭಾಗ ಜನ ತೂತು ಮುಚ್ತಾರೆ, ಚುಚ್ಚಿದವನನ್ನ ಒಳಗೇ ಬಿಟ್ಟು ಟೈರ್ ಕೂರಿಸ್ತಾರೆ. ಜಾಲಿ ಮುಳ್ಳು ಅಂತೂ ಹೊರಗಡೆ ಮುರಿದು, ತುದಿ ಮಾತ್ರ ಟೈರಲ್ಲಿ ಉಳಿದಿರುತ್ತೆ, ಕಣ್ಣಿಗೆ ಕಾಣಲ್ಲ. ಬೆರಳು ಆಡಿಸಬೇಡಿ, ಕುಯ್ಕೋತೀರ. ಹತ್ತಿ ಉಂಡೆ ತಗೊಂಡು ಟೈರಿನ ಒಳಮೈ ಪೂರ್ತಿ ಸವರಿ, ಮುಳ್ಳಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತೆ. ಹೈವೇಲಿ ಓಡಾಡೋರಿಗೆ ಮುಳ್ಳಿಗಿಂತ ಕಾಟ ಅಂದ್ರೆ ಲಾರಿ ಟೈರ್ ಸಿಡಿದು ಬೀಳೋ ಕೂದಲೆಳೆ ತಂತಿ. ಅದಕ್ಕೂ ಹತ್ತೀನೇ.

ಪ್ಯಾಚ್ ವಿಷಯ. ತೂತಿನ ಸುತ್ತ ಉಪ್ಪುಕಾಗದದಲ್ಲಿ ಹೊಳಪು ಹೋಗೋವರೆಗೂ ಉಜ್ಜಿ. ಟ್ಯೂಬ್ ಮೇಲೆ ಅಚ್ಚಿನ ಗೆರೆ ಉಬ್ಬಿದ್ರೆ ಅದೂ ಸವೀಬೇಕು, ಇಲ್ಲ ಅಂದ್ರೆ ಅದರ ಪಕ್ಕದ ಸಂದೀಲೇ ಗಾಳಿ ಹೋಗೋದು. ಸಲ್ಯೂಷನ್ ತೆಳ್ಳಗೆ, ಪ್ಯಾಚಿಗಿಂತ ಅಗಲಕ್ಕೆ ಹಚ್ಚಿ. ಆಮೇಲೆ ಕೈ ಕಟ್ಕೊಂಡು ಕೂತ್ಕೊಳ್ಳಿ! ಮೂರ್ನಾಲ್ಕು ನಿಮಿಷ. ಮುಟ್ಟಿದ್ರೆ ಬೆರಳಿಗೆ ಅಂಟಬಾರದು, ಅವಾಗ ಪ್ಯಾಚ್ ಕೂರಿಸಿ ಒತ್ತಿ. ಒದ್ದೆ ಇರೋವಾಗಲೇ ಅಂಟಿಸೋದು ಎಲ್ಲರೂ ಮಾಡೋ ತಪ್ಪು. ಬೇಗ ಆರಲಿ ಅಂತ ಬಾಯಲ್ಲಿ ಊದಬೇಡಿ, ಉಸಿರಿನ ತೇವ ಕೂರುತ್ತೆ. ಹಂಗೆ ಊದಿದ್ದಕ್ಕೆ ನಂಗೆ ಅಪ್ಪನ ಕೈಲಿ ಟೈರ್ ಲಿವರಿನ ಪೆಟ್ಟು ಬಿದ್ದಿದೆ.

ಪೇಡಾಪ್ರಿಯ, ಧಾರವಾಡ:
"ಜಾತಕ ಕೂಡಿಸೋದು" ಭಾರಿ ಅದ. ಕದ್ದೆ.

ರಿಂಗ್‌ರೋಡ್_ರಾಕ್ಷಸ, ಬೆಂಗಳೂರು:
ಪಂಚರ್ ಅಂಗಡಿಯವರೇ ಮೊಳೆ ಚೆಲ್ತಾರೆ ಅನ್ನೋದು ಬೆಂಗಳೂರಲ್ಲಿ ಮಕ್ಕಳಿಗೂ ಗೊತ್ತು. ರಿಂಗ್ ರೋಡ್ ಫ್ಲೈಓವರ್ ಇಳಿದ ತಕ್ಷಣ ಪಂಚರ್, ಐವತ್ತು ಅಡಿ ಮುಂದೆ ಅಂಗಡಿ.

ತಿಪಟೂರ್_ಕೊಬ್ಬರಿ:
ಎಲ್ರನ್ನೂ ಒಂದೇ ತಕ್ಕಡೀಲಿ ತೂಗಬೇಡಿ ಸ್ವಾಮಿ. ಹಾಗೆ ಮಾಡೋ ಕಳ್ಳರು ಇದಾರೆ, ಇಲ್ಲ ಅನ್ನಲ್ಲ. ಬಿಸಿಲಲ್ಲಿ ಬಕೆಟ್ ನೀರು ಇಟ್ಕೊಂಡು ಕೂತಿರೋ ಎಲ್ಲರೂ ಹಾಗಲ್ಲ. ನಮ್ಮಪ್ಪ ಪರೀಕ್ಷೆ ಟೈಮಲ್ಲಿ ಶಾಲೆ ಮಕ್ಕಳಿಗೆ ಪಂಚರ್ ದುಡ್ಡೇ ತಗೋತಿರಲಿಲ್ಲ.

ರಿಂಗ್‌ರೋಡ್_ರಾಕ್ಷಸ, ಬೆಂಗಳೂರು:
ಸರಿ ಸರಿ, ತಪ್ಪಾಯ್ತು. ಅಪ್ಪಾವ್ರಿಗೆ ನಮಸ್ಕಾರ. ಟ್ಯೂಬ್‌ಲೆಸ್ ಬಗ್ಗೆ ಮಾತ್ರ ನನ್ನ ಮಾತು ಬದಲಾಗಲ್ಲ.

ಗೋಳಗುಮ್ಮಟ_ಎಕ್ಸ್‌ಪ್ರೆಸ್, ವಿಜಯಪುರ:
2011ರ ಆ ಸಾದಾ ರಿಮ್ಮಿಗೆ ಟ್ಯೂಬ್‌ಲೆಸ್? ಕೂಡಂಗಿಲ್ಲರಿ. ಟ್ಯೂಬ್‌ಲೆಸ್ ರಿಮ್ಮಿನ ಒಳಗ ಟೈರಿನ ಅಂಚು ಹತ್ತಿ ಕೂಡೂದಕ್ಕ ಮೆಟ್ಟಿಲ ಇರ್ತದ. ಹಳೇ ರಿಮ್ಮಿಗೆ ಅದು ಇರಂಗಿಲ್ಲ, ತಿರುವಿನ್ಯಾಗ ಬುಸ್ ಅಂತ ಬಿಟ್ಕೊಂಡ್ರ ಹಲ್ಲು ರಸ್ತೆಗೆ. ಮ್ಯಾಲ ಸೀಲಂಟ್ ನಮ್ಮ ಬಿಸಲಿಗೆ ಎರಡ-ಮೂರ ತಿಂಗಳಿಗೆ ಒಣಗಿ ಹಪ್ಪಳ ಆಗ್ತದ, ಮತ್ತ ಹಾಕಬೇಕು. ದಿನಾ ಹತ್ತ ಕಿಲೋಮೀಟರ್ ತುಳಿಯೋರಿಗೆ ಯಾಕ ಬೇಕ್ರಿ ಈ ಉಸಾಬರಿ?

ಆಲೂಗಡ್ಡೆ_ನಾಡಿನಿಂದ:
ಮಧ್ಯದ ದಾರಿ ಒಂದಿದೆ. ಟ್ಯೂಬ್ ಒಳಗೇ ಸೀಲಂಟ್. ಕಾರ್ ವಾಲ್ ಆದ್ರೆ ಒಳಗಿನ ಪಿನ್ ಬಿಚ್ಚಿ ಸುಮಾರು 120 ಮಿಲಿ ಸುರಿದರೆ ಆಯ್ತು. ಇಲ್ಲಿ ನನ್ನ ಸಹೋದ್ಯೋಗಿಗಳು ಅದಿಲ್ಲದೆ ಮನೆ ಗೇಟೇ ದಾಟಲ್ಲ.

ತಿಪಟೂರ್_ಕೊಬ್ಬರಿ:
ಆಮೇಲೆ ದೊಡ್ಡ ತೂತು ಬಿದ್ದಾಗ ಆ ಹಸಿರು ಲೋಳೆ ಮೇಲೆ ಪ್ಯಾಚ್ ಹೇಗೆ ಅಂಟಿಸ್ತೀರಿ? ಪಂಚರ್‌ನವರು ಶಾಪ ಹಾಕೋದು ಅದಕ್ಕೇ.

ಕಡಲಕರೆ, ಮಂಗಳೂರು:
ಟೈರ್ ತಗೊಳ್ಳುವುದಾದ್ರೆ ಒಂದು ಎಚ್ಚರಿಕೆ ಹೇಳ್ತೇನೆ, ನಾನು ಪೆಟ್ಟು ತಿಂದವ. "26 ಇಂಚು" ಅಂತ ಕೇಳಿ ತಂದೆ. ಮನೆಗೆ ಬಂದು ಅರ್ಧ ದಿನ ಕುಸ್ತಿ. ಎರಡು ಟೈರ್ ಲಿವರ್ ಮುರಿಯಿತು, ಅತ್ತೆಯ ದೋಸೆ ಸಟ್ಟುಗ ಬಾಗಿತು. ಕೂರುದೇ ಇಲ್ಲ. ಒಂದು ಕಡೆ ಸಡಿಲ, ಮತ್ತೊಂದು ಕಡೆ ಹೊರಗೆ ಬರುದು. ಮತ್ತೆ ಗೊತ್ತಾದದ್ದು, 26×1⅜ ಅಂತ ಇರುವುದು ಬೇರೆಯೇ ಜಾತಿ. ಅದು ಸಪೂರ ಟೈರಿನ ಊರಿನ ಸೈಕಲಿಗೆ. ಎಂಟಿಬಿಯ 26 ಬೇರೆ. ಹೆಸರಿನಲ್ಲಿ 26 ಇದ್ರೂ ಒಂದರ ಒಳವ್ಯಾಸ 590 ಮಿಲಿಮೀಟರ್, ಎಂಟಿಬಿಯದ್ದು 559. ಹಾಗಾಗಿ ಇಂಚು ನಂಬಬೇಡಿ, ಹಳೇ ಟೈರಿನ ಬದಿಯಲ್ಲಿ 50-559 ಅಥವಾ 54-559 ಅಂತ ಸಣ್ಣ ಅಕ್ಷರದಲ್ಲಿ ಉಂಟು, ಅದರ ಫೋಟೋ ತೆಗೆದು ಅಂಗಡಿಗೆ ಹೋಗಿ. ಕೊನೆಯ ಮೂರು ಅಂಕೆ ಒಂದೇ ಇರಬೇಕು.

ಸುಮ್ನೆ_ಬಂದೆ:
ಸಟ್ಟುಗದ ಕಥೆ ಪೂರ್ತಿ ಹೇಳಿ.

ಕಡಲಕರೆ, ಮಂಗಳೂರು:
ಹೇಳುದಿಲ್ಲ. ಈಗಲೂ ಆ ಸಟ್ಟುಗದಲ್ಲಿ ದೋಸೆ ಮಗುಚುವಾಗ ಎಲ್ಲರೂ ನನ್ನನ್ನೇ ನೋಡುದು.

ಗ್ಯಾರೇಜ್_ಗುಬ್ಬಿ, ಮೈಸೂರು:
ಸಂಜೆ ಬಿಚ್ಚಿದೆ. ಮಗಳು ಬಕೆಟ್ ಹಿಡ್ಕೊಂಡು ಸಹಾಯಕಿ. ಗುಳ್ಳೆ ಬಂದ ಕೂಡ್ಲೆ ಕುಣಿದಾಡಿಬಿಟ್ಲು.

ವಿಜಯಪುರದ ಮೇಡಂ, ನಿಮಗೆ ದೊಡ್ಡ ನಮಸ್ಕಾರ. ಹೊಸ ತೂತು ರಿಮ್ ಕಡೆ ಮೈಗಿದೆ! ಹಳೇ ಪ್ಯಾಚುಗಳೂ ಎಲ್ಲ ರಿಮ್ ಕಡೆಗೇ ಇವೆ. ವಾಲಿಂದ ಗೇಣು ಹಾಕಿ ಅಳೆದೆ. ಮೂರು ತೂತು ವಾಲಿನ ಒಂದು ಪಕ್ಕಕ್ಕೆ ಎರಡೂವರೆ ಗೇಣು ದೂರದಲ್ಲಿ, ಒಂದರ ಪಕ್ಕ ಒಂದು. ಇನ್ನೊಂದು ಮಾತ್ರ ವಾಲಿನ ಆಚೆ ಪಕ್ಕಕ್ಕೆ, ಅದೂ ಎರಡೂವರೆ ಗೇಣೇ. ಇದೇನು ಮಾಟವೋ?

ತಿಪಟೂರ್_ಕೊಬ್ಬರಿ:
ಮಾಟ ಅಲ್ಲ, ಒಂದು ಸಲ ಅಂಗಡಿಯವನು ಟ್ಯೂಬ್ ಮಗುಚಿ ಹಾಕಿದಾನೆ. ನಾಲ್ಕೂ ಒಂದೇ ಜಾಗದಲ್ಲಿ ಚುಚ್ಚಿರೋದು. ಟ್ಯೂಬಿನ ಕೆಳಗೆ ರಿಮ್ಮಿಗೆ ಸುತ್ತಿರೋ ರಿಮ್ ಪಟ್ಟಿ ಸರಿಸಿ ನೋಡಿ. ಅಂದಹಾಗೆ, ಸರ್ವಿಸ್ ಮಾಡಿಸಿದೆ ಅಂದ್ರಲ್ಲ, ಚಕ್ರದ ಕಡ್ಡಿ ಬದಲಾಯಿಸಿದ್ರಾ?

ಗ್ಯಾರೇಜ್_ಗುಬ್ಬಿ, ಮೈಸೂರು:
ಹೌದು ಸಾರ್!! ಹಿಂದೆ ಎರಡು ಕಡ್ಡಿ ಮುರಿದಿತ್ತು, ಹೊಸದು ಹಾಕಿದ್ರು. ಹೇಳೋಕೆ ಮರೆತೆ. ಮುಖ್ಯ ಅಂತ ಅನ್ನಿಸಲಿಲ್ಲ.

ಗೋಳಗುಮ್ಮಟ_ಎಕ್ಸ್‌ಪ್ರೆಸ್, ವಿಜಯಪುರ:
ಡಾಕ್ಟರ್ ಮುಂದ ಕುಂತು ಹೊಟ್ಟಿನೋವು ಹೇಳಿ, ನಿನ್ನೆ ರಾತ್ರಿ ತಿಂದಿದ್ದ ಹೇಳಂಗಿಲ್ಲಲ್ಲ, ಹಂಗಾತು. ಉದ್ದನ್ನ ಕಡ್ಡಿ ಹಾಕ್ಯಾನ. ತುದಿ ನಿಪ್ಪಲ್ (ಕಡ್ಡಿಯನ್ನ ರಿಮ್ಮಿಗೆ ಹಿಡಿಯೂ ನಟ್) ದಾಟಿ ಮ್ಯಾಲ ಬಂದಿರ್ತದ. ನಿಮ್ಮದು ಒಂದ ಗೋಡಿ ರಿಮ್ ಇದ್ರ ಅದು ಸೀದಾ ಟ್ಯೂಬಿಗೆ.

ಗ್ಯಾರೇಜ್_ಗುಬ್ಬಿ, ಮೈಸೂರು:
ಪಟ್ಟಿ ಎತ್ತಿದೆ. ಒಂದು ಕಡ್ಡಿ ತುದಿ ಅಕ್ಕಿ ಕಾಳಿನಷ್ಟು ಈಚೆ ಚಾಚಿದೆ, ಮುಟ್ಟಿದ್ರೆ ಸೂಜಿ. ರಬ್ಬರ್ ಪಟ್ಟಿ ಅಲ್ಲಿ ಹರಿದು ಪಕ್ಕಕ್ಕೆ ಜರುಗಿದೆ. ನಾಲ್ಕು ಸಲ ಚಕ್ರ ಬಿಚ್ಚಿದವನಿಗೆ ಇದು ಕಾಣಲಿಲ್ವೇ! ನೂರರುವತ್ತು ರೂಪಾಯಿ, ನಾಲ್ಕು ಕಿಲೋಮೀಟರ್ ತಳ್ಳಿದ್ದು, ಹಾಲಿನವನ ನಗು...

ಸುಮ್ನೆ_ಬಂದೆ:
ಅವನ ದೃಷ್ಟೀಲಿ ಅದು ಕಡ್ಡಿ ಅಲ್ಲ, ಮಾಸಿಕ ಪಿಂಚಣಿ.

ತಿಪಟೂರ್_ಕೊಬ್ಬರಿ:
ಬೇಕಂತ ಮಾಡಿರಲಾರ. ಅಂಗಡೀಲಿ ಒಂದೇ ಅಳತೆ ಕಡ್ಡಿ ಇರುತ್ತೆ, ಅದನ್ನೇ ಹಾಕ್ತಾರೆ. ಅರೆಯೋದು ಮರೆತ. ಪಂಚರ್ ಹಾಕೋವಾಗ ತೂತು ಮಾತ್ರ ಕಂಡ. ಸೋಮಾರಿತನ ಅನ್ನಿ, ಒಪ್ಕೋತೀನಿ.

ಪರಿಹಾರ ಐದು ನಿಮಿಷದ್ದು. ಚಪ್ಪಟೆ ಅರ ತಗೊಂಡು ಕಡ್ಡಿ ತುದಿ ನಿಪ್ಪಲಿನ ತಲೆ ಮಟ್ಟಕ್ಕೆ ಅರೆದುಬಿಡಿ. ಉಳಿದ ಕಡ್ಡಿಗಳ ಮೇಲೂ ಬೆರಳು ಆಡಿಸಿ. ಪುಡಿ ಒರೆಸಿ. ಆಮೇಲೆ ಹೊಸ ರಿಮ್ ಪಟ್ಟಿ, ಬಟ್ಟೇದು ಸಿಕ್ಕರೆ ಒಳ್ಳೇದು. ಕಡ್ಡಿ ತೂತೆಲ್ಲ ಮುಚ್ಚುವಷ್ಟು ಅಗಲ ಇರಲಿ, ಟೈರಿನ ಅಂಚು ಕೂರೋ ಜಾಗಕ್ಕೆ ಹತ್ತಬಾರದು.

ರಿಂಗ್‌ರೋಡ್_ರಾಕ್ಷಸ, ಬೆಂಗಳೂರು:
ಕರೆಂಟಿನವರ ಇನ್ಸುಲೇಷನ್ ಟೇಪ್ ಎರಡು ಸುತ್ತು ಹಾಕಿ, ಹತ್ತು ರೂಪಾಯಿ ಕೆಲಸ.

ಕಡಲಕರೆ, ಮಂಗಳೂರು:
ಬೇಡವೇ ಬೇಡ. ಬಿಸಿಗೆ ಗೋಂದು ಕರಗಿ ಟೇಪ್ ಜಾರ್ತದೆ, ಒಂದು ಬೇಸಗೆ ಕಳೆದ್ರೆ ಟ್ಯೂಬ್‌ಗೂ ಅಂಟಿಕೊಂಡು ಹಲ್ವ. ತುರ್ತಿಗೆ ಆಸ್ಪತ್ರೆಯವರ ಬಟ್ಟೆ ಪ್ಲಾಸ್ಟರ್ ಆದೀತು.

ನಂಜನಗೂಡ್_ರಸಬಾಳೆ, ಮೈಸೂರು:
ಹಳೇ ಟ್ಯೂಬನ್ನ ಉದ್ದಕ್ಕೆ ಸೀಳಿ ಪಟ್ಟಿ ಮಾಡಿ ಹಾಕಿದ್ರೂ ಆಗುತ್ತೆ, ನಮ್ಮ ಹಳ್ಳೀಲಿ ಅದೇ.

ನಮ್ಮನೇಲಿ ಸರ್ಕಾರದ ಸೈಕಲ್ ಒಂದಿದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಫ್ರೀ ಸೈಕಲ್ ಕೊಡೋ ಯೋಜನೆ 2006-07ರಲ್ಲಿ ಶುರುವಾಯ್ತಲ್ಲ, ಅದರ ಮೊದಲ ವರ್ಷದ್ದು, ನನ್ನ ತಂಗೀದು. ಅವಳಿಗೆ ಮದುವೆ ಆಗಿ ಎರಡು ಮಕ್ಕಳು, ಸೈಕಲ್ ಇನ್ನೂ ಡೈರಿಗೆ ಹಾಲಿನ ಕ್ಯಾನ್ ಹೊರ್ತಾ ಇದೆ. ರಿಮ್ ಪಟ್ಟಿ ಹಳೇ ಟ್ಯೂಬಿಂದೇ, ಸೀಟು ಗೋಣಿಚೀಲದ್ದು, ಮಡ್ಗಾರ್ಡ್ ಒಂದೇ. ಬ್ರೇಕ್ ಅಂದ್ರೆ ನಮ್ಮ ಭಾವನ ಚಪ್ಪಲಿ.

ಪೇಡಾಪ್ರಿಯ, ಧಾರವಾಡ:
ಚಪ್ಪಲಿ ಬ್ರೇಕ್! ನಮ್ಮ ಓಣ್ಯಾಗ ಅದಕ್ಕ ವರ್ಷಕ್ಕ ಎರಡ ಜೋಡ ಹೋಗ್ತಿದ್ವು.

ಗುಬ್ಬಿ ಸರ್, ಬಿಚ್ಚೀರಿ ಅಂದಮ್ಯಾಲ ಚೈನೂ ನೋಡ್ರಿ. ಆರ ವರ್ಷ ನಿಂತ ಸೈಕಲ್. ಎಣ್ಣಿ ಏನ ಹಾಕ್ತೀರಿ?

ಗ್ಯಾರೇಜ್_ಗುಬ್ಬಿ, ಮೈಸೂರು:
ಕೊಬ್ಬರಿ ಎಣ್ಣೆ. ಹೊಡೀಬೇಡಿ.

ತಿಪಟೂರ್_ಕೊಬ್ಬರಿ:
ನಮ್ಮೂರಿನ ಕೊಬ್ಬರಿಗೆ ಅವಮಾನ ಮಾಡಿದ್ರಿ. ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲೀಲಿ ಅದು ಹೆಪ್ಪುಗಟ್ಟಲ್ವಾ? ಚೈನಲ್ಲೂ ಹಾಗೇ. ಆಮೇಲೆ ಧೂಳು ಸೇರಿ ಜಿಡ್ಡು. ಹಳೇ ಇಂಜಿನ್ ಆಯಿಲ್ ಕೂಡ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತೆ, ಅರೆಯೋ ಕಲ್ಲಿನ ಕೆಲಸ ಮಾಡುತ್ತೆ. ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲ ಡೀಸೆಲ್ಲಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ. ಸೈಕಲ್ ಚೈನಿಗೆ ಅಂತಲೇ ಬರೋ ಎಣ್ಣೆ ಒಂದೊಂದು ಗುಂಡಿಗೆ (ಕೊಂಡಿಯ ರೋಲರಿಗೆ) ಒಂದೊಂದು ತೊಟ್ಟು. ಹತ್ತು ನಿಮಿಷ ಬಿಟ್ಟು ಮೇಲಿನದ್ದೆಲ್ಲ ಬಟ್ಟೇಲಿ ಒರೆಸಿಬಿಡಿ. ಎಣ್ಣೆ ಬೇಕಾಗಿರೋದು ಗುಂಡಿ ಒಳಗೆ, ಹೊರಗೆ ಅಲ್ಲ.

ಗೋಳಗುಮ್ಮಟ_ಎಕ್ಸ್‌ಪ್ರೆಸ್, ವಿಜಯಪುರ:
ಸವದದ್ದ ನೋಡೂದು ಹಿಂಗ. ಸ್ಕೇಲ್ ಇಡ್ರಿ, ಒಂದು ಪಿನ್ನಿನ ನಡುವಿಂದ ಇಪ್ಪತ್ನಾಲ್ಕು ಕೊಂಡಿ ಎಣಸ್ರಿ. ಹೊಸ ಚೈನ್ ಆದ್ರ ಸರಿಯಾಗಿ 12 ಇಂಚಿಗೆ ಪಿನ್ ಬರ್ತದ. ಒಂದಿಂಚಿನ ಹದಿನಾರನೇ ಭಾಗ ದಾಟಿದ್ರ ಚೈನ್ ಬದಲ ಮಾಡ್ರಿ. ಎಂಟನೇ ಭಾಗಕ್ಕ ಹೋತಂದ್ರ ಹಿಂದಿನ ಹಲ್ಲೂ ಸವದಿರ್ತಾವ. ಆವಾಗ ಹೊಸ ಚೈನ್ ಹಳೇ ಹಲ್ಲಿನ ಮ್ಯಾಲ ಜಿಗೀತದ, ಎರಡೂ ಕೂಡೇ ಬದಲ ಮಾಡಬೇಕು.

ಗ್ಯಾರೇಜ್_ಗುಬ್ಬಿ, ಮೈಸೂರು:
ಅಳೆದೆ, ಹದಿನಾರನೇ ಭಾಗದಷ್ಟು ಇದೆ ಅಂತ ಕಾಣುತ್ತೆ. ಕನ್ನಡಕ ಹಾಕಿ ಒಂದು ಸಲ, ತೆಗೆದು ಒಂದು ಸಲ. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಗರಗರ ಅಂತಾನೂ ಅನ್ನುತ್ತೆ. ಅದೂ ನೋಡಲಾ?

ತಿಪಟೂರ್_ಕೊಬ್ಬರಿ:
ಚಕ್ರದ ನಡುವಿನ ಬೇರಿಂಗ್ ಗೋಲಿ ಒಣಗಿವೆ. ಬಿಚ್ಚೋದಾದ್ರೆ ಕೆಳಗೆ ತಟ್ಟೆ ಇಟ್ಕೊಳ್ಳಿ, ಇಲ್ಲ ಅಂದ್ರೆ ಅಲಮಾರಿ ಕೆಳಗೆ ಉರುಳಿ ಮುಂದಿನ ದೀಪಾವಳಿಗೆ ಸಿಗ್ತವೆ. ಹಿಂದಿನ ಚಕ್ರದ ಹಬ್ಬಿಗೆ (ನಡುಭಾಗಕ್ಕೆ) ಸಾಮಾನ್ಯವಾಗಿ ಕಾಲಿಂಚಿನ ಗೋಲಿ, ಬದಿಗೆ ಒಂಬತ್ತು. ಮುಂದಕ್ಕೆ 3/16, ಬದಿಗೆ ಹತ್ತು. ಎರಡನ್ನೂ ಕಲಸಬೇಡಿ. ಹೊಸ ಗೋಲಿ, ಹೊಸ ಗ್ರೀಸು, ಎಲ್ಲ ಸೇರಿ ಒಂದು ಮಸಾಲೆ ದೋಸೆ ಖರ್ಚೂ ಆಗಲ್ಲ. ಗೋಲಿ ಒತ್ತಿ ಹಿಡಿಯೋ ಕೋನ್ ಬಿಗಿ ಮಾಡೋವಾಗ ಜಾಸ್ತಿ ಬಿಗಿದ್ರೆ ಮತ್ತೆ ಗರಗರ, ಸಡಿಲ ಬಿಟ್ರೆ ಚಕ್ರ ಅಲ್ಲಾಡುತ್ತೆ. ಮೊದಲ ಸಲ ಯಾರಿಗೂ ಸರಿ ಬರಲ್ಲ, ಬೇಜಾರಾಗಬೇಡಿ. ಬಲಗಡೆ ಬಿಚ್ಚೋಕೆ ಮಾತ್ರ ಫ್ರೀವೀಲ್ (ಹಿಂದಿನ ಗೇರ್ ಹಲ್ಲಿನ ಗುಚ್ಛ) ತೆಗೆಯೋ ಟೂಲ್ ಬೇಕು, ಇಲ್ಲ ಅಂದ್ರೆ ಒದ್ದಾಟ.

ಆಲೂಗಡ್ಡೆ_ನಾಡಿನಿಂದ:
ಅಣ್ಣಾ, ಮೈಸೂರಲ್ಲಿ ಒಂದು ದೋಸೆ ದುಡ್ಡಿಗೆ ಹಬ್ ಸರ್ವಿಸ್. ಇಲ್ಲಿ ಒಬ್ಬರು ಟ್ಯೂಬ್ ಬದಲಾಯಿಸಿ ಕೊಟ್ಟ ಬಿಲ್ ನೋಡಿ ನಾನು ಆ ದಿನವೇ ಟೂಲ್ ಕಿಟ್ ತಗೊಂಡೆ.

ಗ್ಯಾರೇಜ್_ಗುಬ್ಬಿ, ಮೈಸೂರು:
ಹದಿನೆಂಟು ದಿನ ಆದ ಮೇಲೆ ಬರೀತಿದೀನಿ. ಕಡ್ಡಿ ಅರೆದೆ, ಬಟ್ಟೆ ಪಟ್ಟಿ ಹಾಕಿದೆ, ಹೊಸ ಟ್ಯೂಬು. ಗೇಜ್ ಇರೋ ಪಂಪ್ ತಗೊಂಡೆ. ನನ್ನ ಹೆಬ್ಬೆರಳು "ಗಟ್ಟಿ" ಅಂತಿದ್ದ ಗಾಳಿ ಅಳೆದ್ರೆ 22 ಪಿಎಸ್‌ಐ! 88 ಕೆಜಿ ಮನುಷ್ಯ ನಾನು. ಕಡ್ಡಿ ಬಿಟ್ಟಿದ್ರೂ ಮೇಡಂ ಹೇಳಿದ ಹಾವು ಕಡಿತದ ತೂತು ಬಿಡ್ತಿರಲಿಲ್ಲ. ಈಗ ಹಿಂದೆ 50, ಮುಂದೆ 42. ಸೈಕಲ್ ಎಷ್ಟು ಹಗುರ ಓಡುತ್ತೆ ಅಂದ್ರೆ, ಇಷ್ಟು ದಿನ ನಂಗೇ ವಯಸ್ಸಾಗಿದೆ ಅಂದ್ಕೊಂಡಿದ್ದೆ.

ಪಂಚರ್ ಸೊನ್ನೆ. ಆದ್ರೆ ಗಾಳಿ ಸರಿಯಾಗಿ ತುಂಬಿದ ಮೇಲೆ ಟೈರಿನ ಬದಿ ಬಿರುಕು ಬಾಯಿ ಬಿಟ್ಟು, ಒಂದು ಕಡೆ ಒಳಗಿನ ನೂಲು ಕಾಣ್ತಿದೆ. ಅಂದ್ರೆ ಅಂಗಡಿಯವನು ಟೈರ್ ಬದಲಾಯಿಸು ಅಂದಿದ್ದು ಸರಿಯೇ ಇತ್ತು, ಕಾರಣ ಮಾತ್ರ ಬೇರೆ.

ಕಡಲಕರೆ, ಮಂಗಳೂರು:
ನೂಲು ಕಂಡ್ರೆ ಓಡಿಸಬೇಡಿ ಮತ್ತೆ. ಅದು ಪಂಚರ್ ಆಗುದಲ್ಲ, ಸಿಡಿಯುದು. ಹಾಗೇ ಬ್ರೇಕ್ ಕಟ್ಟೆಯ ತುದಿ ಟೈರಿಗೆ ಉಜ್ಜುತ್ತದಾ ನೋಡಿ, ವಿ-ಬ್ರೇಕಲ್ಲಿ ಬದಿ ಹಾಳಾಗ್ಲಿಕ್ಕೆ ಅದೂ ಒಂದು ಕಾರಣ. ಕಟ್ಟೆ ರಿಮ್ಮಿಗೆ ಮಾತ್ರ ತಾಗಬೇಕು.

ಗ್ಯಾರೇಜ್_ಗುಬ್ಬಿ, ಮೈಸೂರು:
ಎಡಗಡೆ ಕಟ್ಟೆ ಸ್ವಲ್ಪ ಮೇಲೇ ಇತ್ತು. ಇಳಿಸಿದೆ. 559 ಟೈರ್ ಎರಡು ಅಂಗಡೀಲಿ ಕೇಳಿದೆ, ಈಗೆಲ್ಲ 27.5, 29 ಸಾರ್, 26 ತರಿಸಬೇಕು ಅಂದ್ರು.

ನಂಜನಗೂಡ್_ರಸಬಾಳೆ, ಮೈಸೂರು:
ನನ್ನ ಹತ್ರ ಒಂದು ಇದೆ, 26×1.95, 50-559 ಅಂತ ಕಣ್ಣಲ್ಲಿ ಕಣ್ಣಿಟ್ಟು ಓದಿದೀನಿ. ಸೈಕಲ್ ಮಾರಿಬಿಟ್ಟೆ, ಟೈರ್ ಹಾಗೇ ಉಳೀತು, ಮಳೆ ಬಿಸಿಲು ಕಂಡಿಲ್ಲ. ದುಡ್ಡು ಬೇಡ. ಒಂದು ಡಜನ್ ರಸಬಾಳೆ ಕೊಡ್ಸಿ.

ಗ್ಯಾರೇಜ್_ಗುಬ್ಬಿ, ಮೈಸೂರು:
ಬಂದೆ ಸಾರ್! ನಾಳೆ ಸಂಜೆ ಆಗುತ್ತಾ? ಆದ್ರೆ ಶುಗರ್‌ನವನ ಕೈಲಿ ರಸಬಾಳೆ ತರಿಸ್ತಿದೀರಲ್ಲ.

ಪೇಡಾಪ್ರಿಯ, ಧಾರವಾಡ:
ಟೈರ್ ಮೈಸೂರಾಗ ಕೈ ಬದಲಾಗಾಕತ್ತೈತಿ, ಇಲ್ಲಿ ನನ್ನ ಹುಡುಗನ ಸೈಕಲ್ 24 ಇಂಚಿಂದು, ಅದಕ್ಕ ಯಾರ್ ಹತ್ರರ ಟೈರ್ ಅದಾವೇನ್ರಿ?

ನಂಜನಗೂಡ್_ರಸಬಾಳೆ, ಮೈಸೂರು:
ಗುಬ್ಬಿ ಅವ್ರೆ, ನಾಳೆ ಆರು ಗಂಟೆ ಮೇಲೆ ಬನ್ನಿ, ಅಡ್ರೆಸ್ ಮೆಸೇಜ್ ಮಾಡಿದೀನಿ. ಸೈಕಲ್ ತರೋದಾದ್ರೆ ತಳ್ಕೊಂಡು ಬನ್ನಿ, ಆ ಟೈರಲ್ಲಿ ತುಳೀಬೇಡಿ. ಹಾಲಿನವನು ಸಿಕ್ಕರೆ ನಾನೇ ಮಾತಾಡ್ತೀನಿ.